ಕೋವಿಕೋವಿದ ಸಂಹಿತೆ: ಗುರಿ ಸರಿಪಡಿಸುವ ಪ್ರಕರಣ

ಅಥಾತೋ ಗುರಿಜಿಜ್ಞಾಸಾ. 'ಅಥ' ಎಂದರೆ ಮೊದಲ ಈಡು ತಪ್ಪಿದ ಮೇಲೆ. ಮೊದಲ ಈಡಿಗೇ ಕಾಯಿ ಒಡೆದವನಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಅವನು ಬಹುಮಾನ ತೆಗೆದುಕೊಂಡು ಮನೆಗೆ ಹೋಗತಕ್ಕದ್ದು.

ಗುರಿ ಏಕೆ ತಪ್ಪಿತು? ಕೋವಿಯ ದೋಷವೆಂಬುದು ಪೂರ್ವಪಕ್ಷ, ಅನುಯಾಯಿಗಳು ಅಪಾರ. ತೋಟೆಯ ದೋಷವೆಂಬುದು ಉಪಮತ. ಹೊಡೆದವನದೇ ದೋಷವೆಂಬ ಮೂರನೆಯ ಮತವನ್ನು ಅವನ ಹಿಂದೆ ಸಾಲಿನಲ್ಲಿ ನಿಂತವರಷ್ಟೇ ಒಪ್ಪುತ್ತಾರೆ. ಕೈಲ್‌ಪೋಳ್ದ್ ಹಬ್ಬದಲ್ಲಿ ಕೊಡಗಿನ ಮೈದಾನಗಳಿಗೆ ಹೋದರೆ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಯ ಕೆಳಗೆ ಮೂರೂ ಮತಗಳ ವಾದ ಕೇಳಬಹುದು. ಕಾಯಿ ಮಾತ್ರ ತಟಸ್ಥ.

ಇನ್ನು ಪ್ರಮಾಣ. ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ ಹಳೆಯ .303 ರೈಫಲನ್ನು ತೆಗೆದುಕೊಳ್ಳೋಣ. ನಳಿಗೆಯ ತುದಿಯಲ್ಲಿ ಅಲಗಿನಂಥ ಫೋರ್‌ಸೈಟ್. ಹಿಂದೆ ಕಚ್ಚು ಇರುವ ಬ್ಯಾಕ್‌ಸೈಟ್, ಅದರ ಮೇಲೆ 2000 ಗಜದವರೆಗೂ ಗೆರೆ. (ಅಷ್ಟು ದೂರದ ಮನುಷ್ಯ ಬರಿಗಣ್ಣಿಗೆ ಕಾಣುತ್ತಾನೆಯೇ ಎಂದು ಕೇಳುವುದು ಅಶಿಸ್ತು.) ಎರಡರ ನಡುವೆ ಸುಮಾರು 19.5 ಇಂಚು. ನೂರು ಗಜವೆಂದರೆ 3600 ಇಂಚು. ಗುಂಡು 6 ಇಂಚು ಕೆಳಗೆ ಬಿತ್ತೆನ್ನಿ: ಆರನ್ನು 19.5ರಿಂದ ಗುಣಿಸಿ 3600ರಿಂದ ಭಾಗಿಸಿದರೆ 0.0325 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು. ಫೋರ್‌ಸೈಟ್ ಇಷ್ಟು ತಗ್ಗಬೇಕು. ಬ್ಯಾಕ್‌ಸೈಟ್ ಗುಂಡು ಹೋಗಬೇಕಾದ ಕಡೆಗೇ ಸರಿಯಬೇಕು, ಫೋರ್‌ಸೈಟ್ ಅದಕ್ಕೆ ವಿರುದ್ಧ. ಶಾಸ್ತ್ರ ಇಲ್ಲಿಗೇ ಮುಗಿಯಿತು, ಮುಂದಿನದೆಲ್ಲ ಸಂಪ್ರದಾಯ.

ಪಲ್ಟನ್ನಿನ ಸಂಪ್ರದಾಯದಲ್ಲಿ ಆರ್ಮರರ್ ಬಳಿ 0.015 ಇಂಚಿನ ಅಂತರದಲ್ಲಿ ಎತ್ತರ ಬೇರೆಬೇರೆಯಾದ ಫೋರ್‌ಸೈಟುಗಳಿರುತ್ತಿದ್ದವು. ಎರಡು ಮೆಟ್ಟಿಲು ಗಿಡ್ಡದ್ದನ್ನು ಹಾಕಿದರೆ ಕೆಲಸವಾಯಿತು. ಮನೆಯ ಸಂಪ್ರದಾಯದಲ್ಲಿ ಇರುವುದು ಅರ ಒಂದೇ. ಉತ್ಸಾಹಿ ಉಜ್ಜುತ್ತಾನೆ, ಒಂದು ಈಡು ಹೊಡೆಯುತ್ತಾನೆ, ಮತ್ತೆ ಉಜ್ಜುತ್ತಾನೆ. ಉಜ್ಜಿದ ಕಬ್ಬಿಣ ಮತ್ತೆ ಚಿಗುರುವುದಿಲ್ಲವಾಗಿ, ಗುಂಡು ಮೇಲಿಂದ ಹಾರತೊಡಗಿದಾಗ 'ಬುಡಕ್ಕೆ ಹಿಡಿದು ಹೊಡಿ' ಎಂಬ ಉಪಸೂತ್ರ ಹುಟ್ಟುತ್ತದೆ. ಕೋವಿ ಮಗನ ಪಾಲಿಗೆ ಬಂದಾಗ ಉಪಸೂತ್ರವೂ ಬರುತ್ತದೆ. ಒಂದೇ ಈಡು ನೋಡಿ ಅರ ಹಿಡಿಯಬಾರದು, ನಾಲ್ಕೈದು ಹೊಡೆದು ಗುಂಪಿನ ನಡುಮಧ್ಯದಿಂದ ಅಳೆಯಬೇಕು ಎಂದು ಬಲ್ಲವರು ಹೇಳುತ್ತಾರೆ. ತೋಟೆಯ ದುಡ್ಡು ಕೊಡುವವರು ಬೇರೆ ಹೇಳುತ್ತಾರೆ.

ಕಣ್ಣಿನ ವಿಷಯದಲ್ಲಿ ಮಹಾಭಾರತಕ್ಕೂ ಎನ್‌ಸಿಸಿಗೂ ನೇರ ವಿರೋಧವಿದೆ. ಬ್ಯಾಕ್‌ಸೈಟ್, ಫೋರ್‌ಸೈಟ್, ಗುರಿ ಈ ಮೂರೂ ಕಣ್ಣಿಗೆ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದು ಸಾಧ್ಯವಿಲ್ಲ. ಫೋರ್‌ಸೈಟ್ ಚೊಕ್ಕಟವಾಗಿರಲಿ, ಗುರಿ ಮಸುಕಾಗಲಿ ಎಂಬುದು ಹವಾಲ್ದಾರರ ಸಿದ್ಧಾಂತ. ಹಕ್ಕಿಯ ಕಣ್ಣೊಂದೇ ಕಾಣುತ್ತಿದೆ ಎಂದ ಅರ್ಜುನನನ್ನು ಅವರು ಮೈದಾನಕ್ಕೆ ಮೂರು ಸುತ್ತು ಓಡಿಸುತ್ತಿದ್ದರು. ಮರ, ಕೊಂಬೆ, ಗುರುಗಳು ಎಲ್ಲ ಕಾಣುತ್ತವೆ ಎಂದ ಧರ್ಮರಾಯನಿಗೂ ಅಷ್ಟೇ ಸುತ್ತು.

ಜೋಡುನಳಿಗೆಯ ತೋಟೆ ಕೋವಿಯದು ಶುದ್ಧ ಅದ್ವೈತ. ತುದಿಯಲ್ಲಿ ಮಣಿಯೊಂದಿದೆ, ಬ್ಯಾಕ್‌ಸೈಟೇ ಇಲ್ಲ. ಹೊಡೆಯುವವನ ಕಣ್ಣೇ ಬ್ಯಾಕ್‌ಸೈಟ್. ಬಟ್‌ನಿಂದ ಕೆನ್ನೆ ಎದ್ದರೆ ಕಣ್ಣು ಏರಿತು, ಈಡೂ ಮೇಲೆ ಹೋಯಿತು. ಇಲ್ಲಿ ಪೂರ್ವಪಕ್ಷದವರಿಗೆ ತುಂಬ ಕಷ್ಟ: ಅರ ಹಾಕಬೇಕಾದದ್ದು ಅವರ ದವಡೆಗೆ.

ಗಾಳಿಯ ಪ್ರಕರಣ ದೊಡ್ಡದು, ಎರಡನೆಯ ಸಂಪುಟದಲ್ಲಿ ಬರಲಿದೆ. 25 ಗಜದ ರೇಂಜಿನಲ್ಲಿ ಗಾಳಿಯನ್ನು ದೂರಿದವರ ಹೆಸರುಗಳು ಅದರ ಅನುಬಂಧದಲ್ಲಿ.