ಕಿರುಪೆಟ್ಟಿಗೆಯ ಕಾರ್ಡುಮೀಮಾಂಸೆ

ಯಾವ ಶಾಸ್ತ್ರ ಬರೆಯಹೊರಟರೂ ಮೊದಲು ಅನುಬಂಧ ಚತುಷ್ಟಯವನ್ನು ಹೇಳಿ ಮುಗಿಸಬೇಕು ಎಂಬುದು ಹಿರಿಯರ ಕಟ್ಟಳೆ. ಅದರಂತೆ ಇಲ್ಲಿ ವಿಷಯ: ನಡುಮನೆಯ ಟಿವಿ ಕೆಳಗೆ ಕೂತಿರುವ ಪುಟ್ಟ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕುವುದು. ಪ್ರಯೋಜನ: ಮನೆಮಂದಿಯೆಲ್ಲ ಒಟ್ಟಿಗೆ ಕೂತು 4ಕೆ ಸಿನಿಮಾ ನೋಡುವುದು. (ಈ ಪ್ರಯೋಜನವನ್ನು ಓದುಗರು ಸದ್ಯಕ್ಕೆ ನಂಬಬೇಕು, ಮುಂದೆ ಇದರ ಮೇಲೆ ಆಕ್ಷೇಪ ಬರಲಿದೆ.) ಸಂಬಂಧ: ಪೆಟ್ಟಿಗೆಗೂ ಕಾರ್ಡಿಗೂ ಇರುವುದು ಆಧಾರ-ಆಧೇಯ ಸಂಬಂಧ, ಆಧೇಯವು ಆಧಾರದೊಳಗೆ ಹಿಡಿಸಿದ ಪಕ್ಷದಲ್ಲಿ.

ನಾಲ್ಕನೆಯದಾದ ಅಧಿಕಾರಿಯ ಲಕ್ಷಣವನ್ನು ಕೊಂಚ ವಿಸ್ತರಿಸಬೇಕು. ಟಿವಿಯೊಳಗೇ ಬಂದ ಆ್ಯಪಿನಲ್ಲಿ ಸಿನಿಮಾ ಹಾಕಿಕೊಂಡು ಇಂಟರ್ವಲ್ಲಿಗೆ ಮೊದಲೇ ಗೊರಕೆ ಹೊಡೆಯುವವನು ಸಂತೃಪ್ತ. ಅವನಿಗೆ ಶಾಸ್ತ್ರ ಬೇಡ. ಗಾಜಿನ ಕ್ಯಾಬಿನೆಟ್ಟಿನಲ್ಲಿ ಮೂರು ಫ್ಯಾನಿನ ಕಾರ್ಡಿಟ್ಟು ಬಣ್ಣದ ದೀಪ ಉರಿಸುವವನು ವಿಷಯಾಸಕ್ತ. ಅವನಿಗೆ ಶಾಸ್ತ್ರ ನಾಟುವುದಿಲ್ಲ. ಇವರಿಬ್ಬರ ನಡುವೆ ಇನ್ನೊಬ್ಬನಿದ್ದಾನೆ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ, ಟಿವಿ ತೋರಿಸುವುದು 60ರ ಲೆಕ್ಕದಲ್ಲಿ, ಭಾಗಿಸಿದರೆ ಶೇಷ ಉಳಿಯುತ್ತದೆ, ಕ್ಯಾಮೆರಾ ಹೊರಳುವಾಗ ಚಿತ್ರ ಮುಗ್ಗರಿಸುವುದಕ್ಕೆ ಆ ಶೇಷವೇ ಕಾರಣ ಎಂದು ಊಟಕ್ಕೆ ಕೂತಾಗ ವಿವರಿಸುವವನು. ಕೇಳುವವರು ಇದ್ದಾರೋ ಇಲ್ಲವೋ ಎಂಬುದು ಅವನಿಗೆ ಗೌಣ. ಅವನೇ ಈ ಶಾಸ್ತ್ರದ ಅಧಿಕಾರಿ. ಅವನ ಬಳಿ ಒಂದು ಸ್ಟಾರ್ ಸ್ಕ್ರೂ ಡ್ರೈವರ್ ಇರಬೇಕು, ಮತ್ತು ಆ ಭಾನುವಾರ ಮನೆಯವರು ಯಾವುದಾದರೂ ಮದುವೆಗೋ ಮುಂಜಿಗೋ ಹೋಗಿರಬೇಕು.

ಇನ್ನು ಆಕರವಿಚಾರ. ಅಧ್ಯಯನಕ್ಕೆ ಆರಿಸಿಕೊಂಡಿರುವುದು ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ 7010, ಅದರಲ್ಲೂ ಸ್ಮಾಲ್ ಫಾರ್ಮ್ ಫ್ಯಾಕ್ಟರ್ ಎಂಬ ಸಂಕ್ಷಿಪ್ತ ಪಾಠ. ಬೆಂಗಳೂರಿನ ಎಸ್‌ಪಿ ರಸ್ತೆಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಇಂಥ ಕಪ್ಪು ಪೆಟ್ಟಿಗೆಗಳಿಗೆಲ್ಲ ಒಂದು ಪೂರ್ವಾಶ್ರಮ ಇರುತ್ತದೆ. ಯಾವುದೋ ಕಚೇರಿಯಲ್ಲಿ ಎಕ್ಸೆಲ್ ಹಾಳೆ ತೆರೆದು ಮುಚ್ಚಿ ಆಯುಸ್ಸು ಸವೆಸಿ, ಕಂಪನಿ ಹೊಸ ಯಂತ್ರ ತಂದ ಮೇಲೆ ಲಾಟಿನಲ್ಲಿ ಬಿಕರಿಯಾಗಿ ಬಂದಂಥವು. ಪೆಟ್ಟಿಗೆಯ ಮಗ್ಗುಲಲ್ಲಿ ಒಂದು ಕಿರುಶಾಸನವೂ ಉಂಟು: ಬಾರ್‌ಕೋಡು, ಆಸ್ತಿ ಸಂಖ್ಯೆ, ಉಗುರಿನಿಂದ ಕೆರೆದ ಕಂಪನಿಯ ಹೆಸರು. ‘ಪ್ರೈವೇಟ್ ಲಿಮಿಟೆಡ್’ ಎಂಬುದಷ್ಟೇ ಓದಲು ಬರುತ್ತದೆ. ಅದಕ್ಕೆ ಹಿಂದಿನ ಅಕ್ಷರಗಳು ತ್ರುಟಿತ.

ಕಾಲನಿರ್ಣಯ ಕಷ್ಟವಲ್ಲ, ಆದರೆ ಎಚ್ಚರ ಬೇಕು. ಆಪ್ಟಿಪ್ಲೆಕ್ಸ್ 7010 ಬಂದದ್ದು 2012ರಲ್ಲಿ, ಇಂಟೆಲ್‌ನ ಮೂರನೆಯ ತಲೆಮಾರಿನ ಪ್ರೊಸೆಸರಿನೊಂದಿಗೆ. 2023ರಲ್ಲಿ ಅದೇ ಕಂಪನಿ ಹದಿಮೂರನೆಯ ತಲೆಮಾರಿನ ಪ್ರೊಸೆಸರ್ ಹಾಕಿ ಮತ್ತೊಂದು ಆಪ್ಟಿಪ್ಲೆಕ್ಸ್ 7010 ಹೊರತಂದಿತು. ಛಂದೋಂಬುಧಿಯ ನಾಗವರ್ಮ ಬೇರೆ, ಕಾವ್ಯಾವಲೋಕನದ ನಾಗವರ್ಮ ಬೇರೆ ಎಂದು ಬಿಡಿಸಿ ಹೇಳಲು ಕನ್ನಡ ವಿದ್ವಾಂಸರು ಪಟ್ಟ ಪಾಡು ಗೊತ್ತಿದ್ದವರು, ಒಂದನೆಯ 7010, ಎರಡನೆಯ 7010 ಎಂದು ಈಗಲೇ ಬರೆದಿಟ್ಟುಕೊಳ್ಳುವುದು ಲೇಸು. ಇಲ್ಲಿ ಹೇಳುತ್ತಿರುವುದೆಲ್ಲ ಒಂದನೆಯದರ ಬಗ್ಗೆ. ಅದರ ಬೆನ್ನಿನಲ್ಲಿ ಎರಡು ಡಿಸ್‌ಪ್ಲೇಪೋರ್ಟ್, ಒಂದು ವಿಜಿಎ ಇವೆ. ಟಿವಿಗೆ ಬೇಕಾದ ಎಚ್‌ಡಿಎಂಐ ಇಲ್ಲ. ಈಗಿನ 4ಕೆ ಸಿನಿಮಾ ಫೈಲುಗಳು ಬಹುಪಾಲು ಇರುವ ಎಚ್‌ಇವಿಸಿ ರೂಪವು ಮಾನಕವಾದದ್ದೇ 2013ರಲ್ಲಿ, ಪೆಟ್ಟಿಗೆ ಹುಟ್ಟಿದ ಮರುವರ್ಷ. ಆದ್ದರಿಂದ ಒಳಗಿನ ಗ್ರಾಫಿಕ್ಸ್‌ಗೆ ಅದರ ಪರಿಚಯವೇ ಇಲ್ಲ. ಫೈಲು ತೆರೆದರೆ ಬಿಡಿಸುವ ಕೆಲಸವೆಲ್ಲ ಪ್ರೊಸೆಸರಿನ ತಲೆಗೆ ಬಿದ್ದು, ನಾಯಕ ಮಾತು ಮುಗಿಸಿದ ಮೇಲೆ ಅವನ ತುಟಿ ಅಲ್ಲಾಡುತ್ತದೆ.

ಹೀಗೆ ಕಾರ್ಡಿನ ಅಗತ್ಯ ಸಿದ್ಧವಾಯಿತು. ಯಾವ ಕಾರ್ಡು?

ಈ ಪ್ರಶ್ನೆಗೆ ಪೂರ್ವಸೂರಿಗಳು ಕಾರ್ಡನ್ನು ನೋಡಿ ಉತ್ತರ ಹುಡುಕಿದ್ದಾರೆ. ಪೆಟ್ಟಿಗೆಯನ್ನು ನೋಡಿ ಹುಡುಕಬೇಕು ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಪೆಟ್ಟಿಗೆಯ ಅಗಲ 9.26 ಸೆಂ.ಮೀ., ಆಳ 31.2 ಸೆಂ.ಮೀ. 2022ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡಿನ ಉದ್ದವೇ 30.4 ಸೆಂ.ಮೀ., ದಪ್ಪ 6.1 ಸೆಂ.ಮೀ. ಅಂದರೆ ಪೆಟ್ಟಿಗೆಯೊಳಗಿನ ಸಮಸ್ತ ಸಾಮಗ್ರಿಯನ್ನೂ ಹೊರಗೆಸೆದರೆ ಕಾರ್ಡನ್ನು ಉದ್ದಕ್ಕೆ ಮಲಗಿಸಬಹುದು. ಮುಚ್ಚಳವನ್ನೂ ಹಾಕಬಹುದು, ಕಂಪ್ಯೂಟರ್ ಮಾತ್ರ ಉಳಿದಿರುವುದಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ಸ್ಮೃತಿಯ ಪ್ರಕಾರ ಇಂಥ ಕಿರುಪೆಟ್ಟಿಗೆಗೆ ವಿಹಿತವಾದದ್ದು ಲೋ ಪ್ರೊಫೈಲ್ ಕಾರ್ಡು. ಅದರ ಎತ್ತರ 68.9 ಮಿ.ಮೀ. ದಾಟಬಾರದು. ಬೆನ್ನಿಗೆ ಕಟ್ಟಿದ ಉಕ್ಕಿನ ಪಟ್ಟಿ ಸುಮಾರು 80 ಮಿ.ಮೀ. ಇರಬೇಕು, ಸಾಧಾರಣ ಕಾರ್ಡಿನಂತೆ 120 ಅಲ್ಲ.

ಪಟ್ಟಿಯ ಬಗ್ಗೆ ಇನ್ನೊಂದು ಮಾತು. ಲೋ ಪ್ರೊಫೈಲ್ ಕಾರ್ಡು ಸಾಮಾನ್ಯವಾಗಿ ಉದ್ದದ ಪಟ್ಟಿ ತೊಟ್ಟೇ ಡಬ್ಬಿಯಿಂದ ಹೊರಬರುತ್ತದೆ. ಗಿಡ್ಡ ಪಟ್ಟಿ ಬೇರೆ ಪುಟ್ಟ ಕವರಿನಲ್ಲಿರುತ್ತದೆ. ಅದನ್ನು ಬದಲಿಸಲು ಮೊದಲು ಡಿವಿಐ ಕಿಂಡಿಯ ಎರಡೂ ಪಕ್ಕದ ಆರು ಮೂಲೆಯ ಗುಬುಟುಗಳನ್ನು ತಿರುಗಿಸಿ ತೆಗೆಯಬೇಕು. ಅದಕ್ಕೆ ಸ್ಕ್ರೂ ಡ್ರೈವರ್ ಒದಗುವುದಿಲ್ಲ. ಅಡುಗೆಮನೆಯ ಗ್ಯಾಸ್ ರೆಗ್ಯುಲೇಟರಿನ ಪಕ್ಕ ಬಿದ್ದಿರುವ ಕಟಿಂಗ್ ಪ್ಲೇಯರೇ ಆಗಬೇಕು. ಆಮೇಲೆ ಒಳಗಿನ ಸಣ್ಣ ಸ್ಕ್ರೂಗಳು. ಬೆರಳ ತುದಿಗೆ ಅಂಟಿದ ಸ್ಕ್ರೂ ಕೊನೆಯ ಕ್ಷಣದಲ್ಲಿ ಜಾರಿ ಮೊಸಾಯಿಕ್ ನೆಲಕ್ಕೆ ಬೀಳುತ್ತದೆ. ಮೊಸಾಯಿಕ್ ನೆಲದ ಮೇಲೆ ಬೆಳ್ಳಿ ಬಣ್ಣದ ಸ್ಕ್ರೂ ಹುಡುಕುವುದು ಹಸ್ತಪ್ರತಿ ಸಂಶೋಧನೆಗಿಂತ ಕಡಿಮೆ ಕೆಲಸವೇನಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಡು ಕೊಂಡವನಿಗಾದರೆ ಈ ಕಷ್ಟವೂ ಇಲ್ಲ, ಏಕೆಂದರೆ ಗಿಡ್ಡ ಪಟ್ಟಿ ಮೊದಲ ಮಾಲೀಕನ ಮೇಜಿನ ಡ್ರಾಯರಿನಲ್ಲೇ ಉಳಿದಿರುತ್ತದೆ.

ಶಕ್ತಿವಿಚಾರದಲ್ಲಿ ಅನುಮಾನ ಪ್ರಮಾಣವನ್ನು ನಂಬಿ ಕೆಟ್ಟವರು ಬಹಳ. ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಡಬ್ಬಿಯ ಮೇಲೆ 240 ವ್ಯಾಟ್ ಎಂದು ಬರೆದಿದೆ. ಒಳಗಿರುವ ಐ5-3470 ಪ್ರೊಸೆಸರಿಗೆ 77 ಹೋಯಿತು. ಉಳಿದದ್ದು 163. ಆದ್ದರಿಂದ 150 ವ್ಯಾಟಿನ ಕಾರ್ಡು ಹಾಕಬಹುದು. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ತಾರ್ಕಿಕರ ಕ್ರಮ. ಈ ಅನುಮಾನವು ಬೆಂಕಿಗೂ ಹೊಗೆಗೂ ಒಟ್ಟಿಗೇ ದಾರಿ ಮಾಡುತ್ತದೆ. ಹಾರ್ಡ್ ಡಿಸ್ಕು, ಫ್ಯಾನು, ಮದರ್‌ಬೋರ್ಡುಗಳ ಪಾಲು ಲೆಕ್ಕಕ್ಕೇ ಬಂದಿಲ್ಲ ಎಂಬುದು ಒಂದು ದೋಷ. ಸ್ಲಾಟಿನ ಮೂಲಕ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್ ಎಂಬುದು ಇನ್ನೊಂದು. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಆರು ಅಥವಾ ಎಂಟು ಪಿನ್ನಿನ ಪ್ರತ್ಯೇಕ ವೈರು ಬರಬೇಕು. ಕಚೇರಿ ಪೆಟ್ಟಿಗೆಗೆ ಅದನ್ನು ಕೊಟ್ಟೇ ಇಲ್ಲ.

ಆಗ ಅಂಗಡಿಯವನು ಡ್ರಾಯರ್ ಎಳೆದು ಸಾಟಾ ವೈರನ್ನು ಆರು ಪಿನ್ನಿಗೆ ತಿರುಗಿಸುವ ಒಂದು ಕನ್ವರ್ಟರ್ ತೆಗೆಯುತ್ತಾನೆ. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್ನು, ಪಿನ್ನಿಗೆ ಒಂದೂವರೆ ಆಂಪಿಯರ್, ಒಟ್ಟು 54 ವ್ಯಾಟ್. ಆರು ಪಿನ್ನಿನ ಕಿಂಡಿ ಕೇಳಬಲ್ಲದ್ದು 75. ನಡುವಿನ 21 ವ್ಯಾಟಿನ ಅಂತರವನ್ನು ತುಂಬುವುದು ಕರಗಿದ ಪ್ಲಾಸ್ಟಿಕ್ಕಿನ ವಾಸನೆ. ಈ ಕನ್ವರ್ಟರ್ ಪ್ರಕ್ಷಿಪ್ತ, ಮೂಲಪಾಠದಲ್ಲಿ ಇಲ್ಲ, ಕೈಬಿಡತಕ್ಕದ್ದು.

ಹಾಗಾಗಿ ಗ್ರಾಹ್ಯವಾದ ಕಾರ್ಡುಗಳ ಸಂಖ್ಯೆ ಥಟ್ಟನೆ ಬೆರಳೆಣಿಕೆಗೆ ಇಳಿಯುತ್ತದೆ. 2016ರ ಜಿಟಿಎಕ್ಸ್ 1050 ಟಿಐ ಇದೆ, ಸರಿಯಾಗಿ 75 ವ್ಯಾಟಿನದು, ಗೆರೆಯ ಮೇಲೇ ನಿಂತಿದೆ. ಎಎಂಡಿಯ ಆರ್‌ಎಕ್ಸ್ 6400 ಇದೆ, 53 ವ್ಯಾಟ್. 2022ರಲ್ಲಿ ಬಂದರೂ, 2018ರಲ್ಲೇ ಹೊರಬಂದ ಎವಿ1 ವಿಡಿಯೊ ರೂಪವನ್ನು ಬಿಡಿಸಲು ಅದಕ್ಕೆ ಬಾರದು. 2024ರ ಆರ್‌ಟಿಎಕ್ಸ್ 3050ರ 6 ಜಿಬಿ ಪಾಠ 70 ವ್ಯಾಟಿನಲ್ಲೇ ಮುಗಿಸಿ ಎವಿ1 ಕೂಡ ಓದುತ್ತದೆ. ಅದು ಪೆಟ್ಟಿಗೆಗಿಂತ ಎಷ್ಟು ಪಟ್ಟು ತುಟ್ಟಿ ಎಂಬುದನ್ನು ಗೃಹಶಾಂತಿಯ ದೃಷ್ಟಿಯಿಂದ ಇಲ್ಲಿ ಚರ್ಚಿಸಿಲ್ಲ. ಉಳಿದದ್ದು ಬಡವರ ಬಂಧು ಜಿಟಿ 1030. 2017ರದು, 30 ವ್ಯಾಟ್, ಎಚ್‌ಇವಿಸಿ ಬಲ್ಲದು, 4ಕೆ ಚಿತ್ರವನ್ನು ಸೆಕೆಂಡಿಗೆ 60ರಂತೆ ಟಿವಿಗೆ ಕಳಿಸಬಲ್ಲದು.

ಇಲ್ಲಿ ನಾಗವರ್ಮರ ಸಮಸ್ಯೆ ಮತ್ತೆ ತಲೆಯೆತ್ತುತ್ತದೆ. ಒಂದನೆಯ ಜಿಟಿ 1030ರ ಮೆಮೊರಿ ಜಿಡಿಡಿಆರ್5, ಸೆಕೆಂಡಿಗೆ 48 ಜಿಬಿ ಸಾಗಿಸುತ್ತದೆ. 2018ರಲ್ಲಿ ಸದ್ದಿಲ್ಲದೆ ಬಂದ ಎರಡನೆಯದರ ಮೆಮೊರಿ ಸಾದಾ ಡಿಡಿಆರ್4, ಸಾಗಿಸುವುದು 17 ಜಿಬಿಗಿಂತಲೂ ಕಡಿಮೆ. ಹೆಸರು ಅದೇ, ಅಂಕಿ ಅದೇ, ಡಬ್ಬಿಯ ಮೇಲಿನ ಮಿಂಚೂ ಅದೇ. ಕೆಲವು ಡಬ್ಬಿಗಳಲ್ಲಿ ‘ಡಿ4’ ಎಂಬ ಎರಡಕ್ಷರ ಮೂಲೆಯಲ್ಲಿ ಇರುತ್ತದೆ, ಕನ್ನಡಕ ತಂದವರಿಗೆ.

“ಇವೆರಡರಲ್ಲಿ ವ್ಯತ್ಯಾಸ ಏನಪ್ಪಾ?”

“ಎರಡೂ ಒಂದೇ ಸಾರ್. ಎರಡೂ ಟೂ ಜೀಬಿ.”

ಅಂಗಡಿಯವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ ಎಂಬುದು ಗಮನಾರ್ಹ. ಇದಕ್ಕೂ ಮುಂಚೆ, 2014ರ ಜಿಟಿ 730 ವಿಷಯದಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತ್ತು. ಆ ಹೆಸರಿನವು ಮೂರು. ಒಂದರಲ್ಲಿ 96 ಕೋರು, ಉಳಿದ ಎರಡರಲ್ಲಿ 384 ಕೋರು. ಆ ಎರಡರಲ್ಲೂ ಮೆಮೊರಿ ಬೇರೆ ಬೇರೆ. ಮೂವರಿಗೂ ಒಂದೇ ಅಂಕಿತನಾಮ ಕೊಟ್ಟ ಕಂಪನಿಯವರಿಗೆ ಕವಿಚರಿತೆ ಬರೆಯುವ ಕೆಲಸ ಯಾರೂ ಒಪ್ಪಿಸದಿರಲಿ.

ಮಿಕ್ಕ ದರ್ಶನಗಳಲ್ಲಿ ಶಬ್ದಪ್ರಮಾಣ ಎಂದರೆ ಆಪ್ತವಾಕ್ಯ. ಈ ದರ್ಶನದಲ್ಲಿ ಫ್ಯಾನಿನ ಸದ್ದು. ಸಣ್ಣ ಕಾರ್ಡಿಗೆ ಸಣ್ಣ ಫ್ಯಾನು. ಸಣ್ಣ ಫ್ಯಾನು ದೊಡ್ಡ ಫ್ಯಾನಿನಷ್ಟೇ ಗಾಳಿ ತಳ್ಳಬೇಕಾದರೆ ಹೆಚ್ಚು ಜೋರಾಗಿ ತಿರುಗಬೇಕು, ತಿರುಗಿದಷ್ಟೂ ಸ್ವರ ಮೇಲೇರುತ್ತದೆ. ಕಚೇರಿಯ ಗದ್ದಲದಲ್ಲಿ ಇದು ಯಾರ ಕಿವಿಗೂ ಬಿದ್ದಿರಲಿಲ್ಲ. ನಡುಮನೆಯಲ್ಲಿ, ನಾಯಕಿ ಪಿಸುಗುಟ್ಟುವ ದೃಶ್ಯದಲ್ಲಿ, ಅದು ಹಿನ್ನೆಲೆ ಸಂಗೀತದ ಸ್ಥಾನ ಪಡೆಯುತ್ತದೆ. ಫ್ಯಾನೇ ಇಲ್ಲದ, ಬರೀ ಅಲ್ಯುಮಿನಿಯಂ ರೆಕ್ಕೆಗಳ ಜಿಟಿ 1030 ಸಿಗುತ್ತದೆ. ಅಧಿಕಾರಿ ಅದನ್ನೇ ಕೊಳ್ಳುವುದು ಒಳ್ಳೆಯದು. ಅದರ ಬಿಸಿಯನ್ನು ಹೊರಹಾಕುವ ಹೊಣೆ ಮಾತ್ರ ಪೆಟ್ಟಿಗೆಯ ಫ್ಯಾನಿಗೆ ಸೇರುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಶೋಕೇಸಿನ ಗಾಜಿನ ಬಾಗಿಲ ಹಿಂದೆ ಕೂರಿಸಿ ಮೇಲೊಂದು ಕಸೂತಿ ಬಟ್ಟೆ ಹೊದಿಸುವ ಪದ್ಧತಿಯನ್ನು ಕೈಬಿಡಬೇಕಾಗುತ್ತದೆ.

ಸ್ಥಾಪನೆಗೆ ಮುಹೂರ್ತ ಬೇಡ, ಪ್ಲಗ್ ಕಿತ್ತಿದ್ದರೆ ಸಾಕು. ಮುಚ್ಚಳ ತೆಗೆದು, ಡೆಲ್‌ನವರು ಹಿಡಿಯಲೆಂದೇ ನೀಲಿ ಬಣ್ಣ ಬಳಿದ ಭಾಗಗಳನ್ನು ಹಿಡಿದು ಡಿಸ್ಕಿನ ಗೂಡನ್ನು ಎತ್ತಿಟ್ಟು, ಹಳೆಯ ಕಂಪನಿಯ ಧೂಳನ್ನು ಬ್ರಷ್ಷಿನಿಂದ ಗುಡಿಸಿ, ಕಾರ್ಡನ್ನು ಸ್ಲಾಟಿನಲ್ಲಿ ನೇರವಾಗಿ ಒತ್ತಬೇಕು. ಕ್ಲಿಕ್ ಎಂದರೆ ಕೂತಿತು. ಸ್ವಿಚ್ ಹಾಕಿದರೆ ಟಿವಿಯ ಮೇಲೆ ‘ನೋ ಸಿಗ್ನಲ್’. ಮತ್ತೆ ಬಿಚ್ಚಿ, ಮತ್ತೆ ಒತ್ತಿ, ಮತ್ತೆ ಹಾಕಿದರೂ ‘ನೋ ಸಿಗ್ನಲ್’. ಇಂಥ ಸಂದರ್ಭದಲ್ಲಿ ಕಾರ್ಡು ಸತ್ತಿದೆ, ಅಂಗಡಿಯವನು ಟೋಪಿ ಹಾಕಿದ ಎಂಬ ತೀರ್ಮಾನಕ್ಕೆ ಬರುವ ಮುನ್ನ ಪೆಟ್ಟಿಗೆಯ ಹಿಂದೆ ಟಾರ್ಚ್ ಬಿಟ್ಟು ನೋಡತಕ್ಕದ್ದು. ಕೇಬಲ್ಲು, ಎಚ್‌ಡಿಎಂಐಗೆ ತಿರುಗಿಸುವ ಅಡಾಪ್ಟರಿನ ಸಮೇತ, ಹಳೆಯ ಡಿಸ್‌ಪ್ಲೇಪೋರ್ಟಿನಲ್ಲೇ ಇರುತ್ತದೆ. ಹೊಸ ಕಾರ್ಡು ಕಂಡ ಕೂಡಲೇ ಒಳಗಿನ ಗ್ರಾಫಿಕ್ಸ್ ಕಣ್ಣುಮುಚ್ಚುವುದು ಬಯಾಸ್‌ನ ಸ್ವಭಾವ.

ಇನ್ನು, ಮೊದಲೇ ಸೂಚಿಸಿದ ಆಕ್ಷೇಪ. ಮದುವೆ ಮನೆಯಿಂದ ಮರಳಿದ ಪೂರ್ವಪಕ್ಷಿ ತಾಂಬೂಲದ ಚೀಲ ಕೆಳಗಿಡುತ್ತ ಕೇಳುತ್ತಾರೆ: “ಅಲ್ಲಾ ರೀ, ಟಿವಿ ಹಿಂದೆ ಸಿಕ್ಕಿಸೋ ಕಡ್ಡಿ ಬರತ್ತಲ್ಲ, ಅದರಲ್ಲೂ 4ಕೆ ಬರತ್ತಂತೆ. ಅದು ಸಾಕಾಗಲ್ವಾ?”

ಪ್ರಬಂಧದಲ್ಲಿ ಇದಕ್ಕಿಂತ ಬಲವಾದ ವಾದ ಇಲ್ಲ. ಅಮೆಜಾನಿನ ಫೈರ್ ಟಿವಿ ಸ್ಟಿಕ್ 4ಕೆ 2018ರಿಂದಲೂ ಇದೆ. ನೆಟ್‌ಫ್ಲಿಕ್ಸನ್ನು ತಕರಾರಿಲ್ಲದೆ 4ಕೆಯಲ್ಲಿ ತೋರಿಸುತ್ತದೆ. ಪಿಸಿಯ ಕಥೆ ಹಾಗಲ್ಲ. 2016ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಪಿಸಿಗೆ 4ಕೆ ಕೊಡತೊಡಗಿದಾಗ ಕೇಳಿದ್ದು ವಿಂಡೋಸ್ 10, ಎಡ್ಜ್ ಬ್ರೌಸರ್ ಮತ್ತು ಇಂಟೆಲ್‌ನ ಏಳನೆಯ ತಲೆಮಾರಿನ ಪ್ರೊಸೆಸರ್. ಮುಂದೆ ಎನ್‌ವಿಡಿಯಾ ಕಾರ್ಡುಗಳಿಗೂ ಅವಕಾಶವಾಯಿತು, ಕನಿಷ್ಠ 3 ಜಿಬಿ ಮೆಮೊರಿ ಇದ್ದರೆ. ಜಿಟಿ 1030ರಲ್ಲಿ ಇರುವುದು, ಅಂಗಡಿಯವನು ಪ್ರಾಮಾಣಿಕವಾಗಿ ಹೇಳಿದಂತೆ, ಟೂ ಜೀಬಿ. ಹಾಗಾದರೆ ಸ್ವಂತ ಡಿಸ್ಕಿನಲ್ಲಿರುವ ಸಿನಿಮಾಗಳ ಗತಿ ಏನು ಎಂದು ಸಿದ್ಧಾಂತಿ ಎದ್ದು ನಿಲ್ಲಬಹುದು. ಕೋಡಿ ಪ್ಲೇಯರ್ ಆ ಕಡ್ಡಿಯ ಮೇಲೂ ಓಡುತ್ತದೆ. ಸಿದ್ಧಾಂತಿ ಕೂರಬೇಕಾಗುತ್ತದೆ.

ಕೂತವನ ಕೈಗೆ ಉಳಿಯುವುದು ಒಂದೇ ಹೇತು: ಆ ಕಡ್ಡಿಯ ಮೇಲೆ ಜಿಟಿಎ 5 ಎಂಬ ಆಟ ಓಡುವುದಿಲ್ಲ. ಇದು ಅಕಾಟ್ಯ. ಆದರೆ ಇದನ್ನು ಬಾಯಿಬಿಟ್ಟು ಹೇಳಿದ ಕೂಡಲೇ ಮೊದಲ ಪುಟದ ಪ್ರಯೋಜನ ಬಿದ್ದುಹೋಗುವುದರಿಂದ, ಅಧಿಕಾರಿಗಳು ಅದನ್ನು ಗೂಢವಾಗಿಯೇ ಇಟ್ಟುಕೊಳ್ಳುವುದು ಸಂಪ್ರದಾಯ. ಗೂಢವಾಗಿ ಇಡಲು ಇರುವ ಅಡ್ಡಿ ಒಂದೇ. 2015ರಲ್ಲಿ ಪಿಸಿಗೆ ಬಂದಾಗಲೇ ಆ ಆಟ ಡಿಸ್ಕಿನಲ್ಲಿ 65 ಜಿಬಿ ಜಾಗ ಕೇಳಿತ್ತು, ಆಮೇಲೆ ಇನ್ನೂ ಬೆಳೆದಿದೆ. ಕಚೇರಿ ಪೆಟ್ಟಿಗೆಯ ಹಳೆಯ ಡಿಸ್ಕಿನಲ್ಲಿ ಅಷ್ಟು ಜಾಗ ಬೇಕೆಂದರೆ ಒಂದೆರಡು 4ಕೆ ಸಿನಿಮಾ ಅಳಿಸಲೇಬೇಕು, ಮತ್ತು ಯಾವುದನ್ನು ಅಳಿಸಿದರೂ ಅದೇ ವಾರ ಮನೆಯಲ್ಲಿ ಯಾರಾದರೊಬ್ಬರು ಅದನ್ನೇ ಕೇಳುತ್ತಾರೆ.