ರೆಸ್ಯೂಮೆ ಸೋಸುವ ಸಾಫ್ಟ್‌ವೇರ್ ಸಾಹೇಬರಿಗೆ

ಮಾನ್ಯರೆ,

ತಾವು ಕ್ಷೇಮವೆಂದು ಬಲ್ಲೆ. ತಮಗೆ ಜ್ವರವಿಲ್ಲ, ರಜೆಯಿಲ್ಲ, ಎಮ್ಮೆಲ್ಲೆ ಲೆಟರಿಗೂ ಬಗ್ಗುವವರಲ್ಲ. ನಾನು ಪಿರಿಯಾಪಟ್ಟಣದಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡವನು. ಪಹಣಿಗೆ, ಆಧಾರಿಗೆ ಬರುವವರ ನಡುವೆ ಬಯೋಡೇಟಾ ಮಾಡಿಸುವ ಹುಡುಗರೂ ಬರುತ್ತಾರೆ. ಅವರ ಪರವಾಗಿ ಈ ವಂದನಾಪತ್ರ.

ಮೊದಲು ತಮ್ಮ ದೃಷ್ಟಿಯ ವಿಚಾರ. ನಮ್ಮೂರ ಹೆಸರನ್ನು ಇಂಗ್ಲಿಷಿನಲ್ಲಿ ‘ಪೆರಿ’ ಎಂದು ಶುರುಮಾಡುವವರೂ ಇದ್ದಾರೆ, ‘ಪಿರಿ’ ಎಂದು ಶುರುಮಾಡುವವರೂ ಇದ್ದಾರೆ. ತಮ್ಮಲ್ಲಿ ಕೆಲವರಿಗೆ ಅವು ಎರಡು ಬೇರೆ ಊರು. ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ತಮಗೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ. ಫೋನ್ ನಂಬರನ್ನು ಹೆಡರಿನಲ್ಲಿಟ್ಟರೆ, ಸ್ಕಿಲ್ಸನ್ನು ಟೇಬಲ್ಲಿನಲ್ಲಿ ಕೂರಿಸಿದರೆ, ಎಷ್ಟೋ ಸಲ ತಮಗೆ ಕಾಣುವುದೇ ಇಲ್ಲ. ಹಾಗಾಗಿ “ಒಂದು ಒಳ್ಳೇ ಡಿಸೈನ್ ಹಾಕಿ ಅಣ್ಣ” ಅಂದವರಿಗೆ ನಾನೇ ಬೇಡ ಅನ್ನುತ್ತೇನೆ. ವ್ಯಾಪಾರ ನಷ್ಟ, ಇರಲಿ.

ಈಗ ಒಬ್ಬ ಬಿ.ಕಾಂ. ಹುಡುಗನ ಕಥೆ. ಹೋದ ವರ್ಷ ಜುಲೈನಿಂದ ಡಿಸೆಂಬರ್‌ವರೆಗೆ ಮನೆಯ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿದ್ದ. ರಾತ್ರಿಯೆಲ್ಲ ಥರ್ಮಾಮೀಟರ್ ನೋಡಿಕೊಂಡು ಸೊಪ್ಪನ್ನು ಹಳದಿಗೆ ತಿರುಗಿಸಿ, ಎಲೆ ಒಣಗಿಸಿ, ಕೊನೆಗೆ ದಂಟು ಒಣಗುವವರೆಗೆ ಶಾಖ ಏರಿಸಬೇಕು. ಒಂದು ರಾತ್ರಿ ಕಣ್ಣು ಮುಚ್ಚಿದರೆ ಇಡೀ ಬ್ಯಾರನ್ನಿನ ಬಣ್ಣ ಕೆಡುತ್ತದೆ. ಆಮೇಲೆ ಗ್ರೇಡ್ ಮಾಡಿ, ಬೇಲ್ ಕಟ್ಟಿ, ತಂಬಾಕು ಮಂಡಳಿಯ ಹರಾಜಿಗೆ ಹಾಕಬೇಕು. ಕೂಲಿಯವರ ಲೆಕ್ಕವೂ ಅವನದೇ. ಇಷ್ಟನ್ನೂ ತಾವು ‘ಆರು ತಿಂಗಳು ಖಾಲಿ’ ಎಂದು ಓದಿದಿರಿ.

ಕೂತು ತಿದ್ದಿದೆವು. ನಂಜನಗೂಡಿನ ಕಡೆಯ ಕಾರ್ಖಾನೆ ಕೆಲಸಕ್ಕಾದರೆ ‘ಟೆಂಪರೇಚರ್ ಮಾನಿಟರಿಂಗ್’, ‘ಕ್ವಾಲಿಟಿ ಗ್ರೇಡಿಂಗ್’ ಮೇಲಕ್ಕೆ ಬಂತು. ಗೋಡೌನಿಗಾದರೆ ‘ಸ್ಟಾಕ್’, ‘ಡಿಸ್‌ಪ್ಯಾಚ್’. ಅಕೌಂಟ್ಸಿಗೆ ‘ಟ್ಯಾಲಿ’, ‘ವೇಜ್ ರಿಜಿಸ್ಟರ್’. ‘ಜಿಎಸ್‌ಟಿ ರಿಟರ್ನ್ಸ್’ ಅಂತಲೂ ಹಾಕಿ ಅಂದ. ತುಂಬಿದ್ದೀಯೇನಪ್ಪ ಎಂದು ಕೇಳಿದೆ, ಸುಮ್ಮನಾದ. ಅದನ್ನು ಬಿಟ್ಟೆವು. ಉಳಿದ ಒಂದೊಂದು ಪದವೂ ಸ್ಕಿಲ್ಸ್ ಪಟ್ಟಿಯಲ್ಲಿ ಒಮ್ಮೆ, ಆ ಕೆಲಸ ಮಾಡಿದ ಸಾಲಿನೊಳಗೆ ಇನ್ನೊಮ್ಮೆ. ಅದೂ ಜಾಹೀರಾತಿನಲ್ಲಿ ಇದ್ದ ಹಾಗೇ. ಬಿಳಿ ಹಾಳೆ ಮೇಲೆ ಬಿಳಿ ಅಕ್ಷರದಲ್ಲಿ ಇಡೀ ಜಾಹೀರಾತನ್ನೇ ಬಚ್ಚಿಡುವ ಚಾಲಾಕಿಯನ್ನು ಯಾರೋ ಅವನಿಗೆ ಹೇಳಿಕೊಟ್ಟಿದ್ದರು. ತಾವು ಮೆಚ್ಚಬಹುದು, ಆದರೆ ಎಚ್‌ಆರ್ ಮೇಡಂ ಆ ಹಾಳೆ ಮೇಲೆ ಮೌಸ್ ಎಳೆದು ಸೆಲೆಕ್ಟ್ ಮಾಡಿದ ಕ್ಷಣ ಎಲ್ಲ ಬಯಲಾಗುತ್ತದಲ್ಲ.

ಕೆಲಸಕ್ಕೆ ತಕ್ಕಂತೆ ಬಯೋಡೇಟಾ ತಿದ್ದುವ ವಿದ್ಯೆ ಹೊಸದೂ ಅಲ್ಲ. 1482ರ ಸುಮಾರಿಗೆ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಬರೆದ ಪತ್ರದಲ್ಲಿ ಸೇತುವೆ, ಫಿರಂಗಿ, ಸುರಂಗಗಳದೇ ಭರಾಟೆ. ಚಿತ್ರ ಬರೆಯಬಲ್ಲೆ ಎಂಬುದು ಕೊನೆಗೆ. ಯುದ್ಧದ ಕಾಲದ ದೊರೆಗೆ ಏನು ಬೇಕೆಂದು ಅವನಿಗೆ ಗೊತ್ತಿತ್ತು.

ಅವನು ಬರೆದದ್ದು ಮನುಷ್ಯರು ಓದಲೆಂದು, ಅಷ್ಟೇ ವ್ಯತ್ಯಾಸ. ಈಗ ಮೊದಲು ಓದುವವರು ತಾವು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ ಸೇರಿ 2021ರಲ್ಲಿ ತಂದ ವರದಿಯಲ್ಲಿ, ಕೇಳಿದ್ದಕ್ಕೆ ಚಾಚೂ ತಪ್ಪದೆ ಹೊಂದದ ಕಾರಣಕ್ಕೆ ಅರ್ಹರೇ ಹೊರಬೀಳುತ್ತಿದ್ದಾರೆ ಎಂದು ಶೇ. 88ರಷ್ಟು ಕಂಪನಿಯವರು ಒಪ್ಪಿದ್ದಾರೆ. ಒಪ್ಪಿದರು, ತಮ್ಮನ್ನು ಕೆಲಸದಿಂದ ತೆಗೆಯಲಿಲ್ಲ. ತಮ್ಮದೇನು ತಪ್ಪು, ಜರಡಿಯ ಕಣ್ಣು ಕೊರೆದವರು ಅವರೇ ತಾನೆ?

ಹುಡುಗನ ಮೂರು ರೆಸ್ಯೂಮೆ ತಮ್ಮಲ್ಲಿಗೆ ಬಂದಿವೆ, ಮೂರೂ ಸತ್ಯ. ಆಯ್ಕೆಯಾದರೆ ಮಧ್ಯಾಹ್ನದ ಮೇಲೆ ಫೋನ್ ಮಾಡಿಸಿ. ಮನೆಯಲ್ಲಿ ಮತ್ತೆ ಬ್ಯಾರನ್ ಹಚ್ಚಿದ್ದಾರೆ. ಬೆಳಗ್ಗೆ ಹುಡುಗ ಮಲಗಿರುತ್ತಾನೆ.

ಇಂತಿ ತಮ್ಮ ವಿಧೇಯ,
ಡಿಟಿಪಿ ಅಂಗಡಿಯವನು