ಠಾಣೆಯ ಸೂಚನಾ ಫಲಕಕ್ಕೆ ಒಂದು ಬಹಿರಂಗ ಪತ್ರ

ಇವರಿಂದ:
ಒಬ್ಬ ನಿವೃತ್ತ ಮೇಷ್ಟ್ರು, ಯಲಹಂಕ ಹಳೇ ಊರು.

ಇವರಿಗೆ:
ಶ್ರೀಯುತ ಸೂಚನಾ ಫಲಕದವರು,
ಪೊಲೀಸ್ ಠಾಣೆಯ ಮುಂಗೋಡೆ, ಉತ್ತರ ಬೆಂಗಳೂರು.

ವಿಷಯ: ತಾವು ತುಟಿ ಬಿಚ್ಚದೇ ಇರುವ ಬಗ್ಗೆ.

ಮಾನ್ಯರೇ,

ಠಾಣೆ ಯಾವುದೆಂದು ಮೇಲೆ ಬರೆದಿಲ್ಲ. ಹೆದರಿಕೆಯಿಂದಲೇ ಬರೆದಿಲ್ಲ ಎಂದು ಒಪ್ಪಿಕೊಳ್ಳುವಷ್ಟು ಧೈರ್ಯ ನನಗಿದೆ. ತಮಗಂತೂ ಗುರುತು ಸಿಕ್ಕೀತು: ಮರದ ಚೌಕಟ್ಟು, ಎಡಮೂಲೆಯಲ್ಲಿ ಸೀಳಿದ ಗಾಜು, ತುಕ್ಕು ಹಿಡಿದ ಪುಟ್ಟ ಬೀಗ, ಒಳಗೆ ಸಂಸಾರ ಹೂಡಿರುವ ಹಲ್ಲಿ. ಅಂದು ರಾತ್ರಿ ತಮ್ಮ ಮುಂದೆ ನಾಲ್ಕು ಗಂಟೆ ನಿಂತಿದ್ದ ಇಬ್ಬರಲ್ಲಿ ನಾನೊಬ್ಬ. ಇನ್ನೊಬ್ಬಾಕೆ ನಮ್ಮ ಬೀದಿಗೆಲ್ಲ ಹೂ ಕೊಡುವ ಹೂವಿನಕ್ಕ.

ಹೂವಿನಕ್ಕನ ಮಗ ಯಶವಂತಪುರದ ಮಂಡಿಯಿಂದ ಈರುಳ್ಳಿ ಸಾಗಿಸುವ ಗೂಡ್ಸ್ ಆಟೊ ಓಡಿಸುತ್ತಾನೆ. ಅಂದು ಸಂಜೆ ಮನೆಗೆ ಬರಲಿಲ್ಲ. ಫೋನ್ ಸ್ವಿಚ್ ಆಫ್. ಟೀ ಅಂಗಡಿಯ ಹುಡುಗ ಬಂದು, “ಹೊಯ್ಸಳದಲ್ಲಿ ಕೂರಿಸ್ಕೊಂಡ್ ಹೋದ್ರು ಮೇಷ್ಟ್ರೇ” ಅಂದ. ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವನಿಗೆ ಹೊಯ್ಸಳ ಅಂದರೆ ಹುಲಿ ಹೊಡೆದ ಸಳ. ಬೆಂಗಳೂರಿನಲ್ಲಿ ಅದು ಪೊಲೀಸರ ಗಸ್ತು ಗಾಡಿ. ಸರಿ, ಯಾವ ಠಾಣೆಯ ಹೊಯ್ಸಳ? ಹೆಬ್ಬಾಳ, ಆರ್.ಟಿ. ನಗರ, ಸಂಜಯನಗರ, ಕೊಡಿಗೇಹಳ್ಳಿ, ಅಮೃತಹಳ್ಳಿ, ವಿದ್ಯಾರಣ್ಯಪುರ, ಯಶವಂತಪುರ, ಆರ್‌ಎಂಸಿ ಯಾರ್ಡ್, ಯಲಹಂಕ, ಯಲಹಂಕ ನ್ಯೂಟೌನ್: ನಮ್ಮ ಉತ್ತರ ದಿಕ್ಕಿಗೆ ಕುಡಿಯುವ ನೀರಿನ ಬರವುಂಟು, ಠಾಣೆಗಳ ಬರವಿಲ್ಲ. ರೈಲು ನಿಲ್ದಾಣದೊಳಗೆ ರೈಲ್ವೆ ಪೊಲೀಸರು ಬೇರೆ. ನಗರದ ಯಾವ ಮೂಲೆಯಿಂದ ಬೇಕಾದರೂ ಎತ್ತಿಕೊಂಡು ಹೋಗಬಲ್ಲ ಸಿಸಿಬಿ ಬೇರೆ.

ನಾವು ಹತ್ತಿದ ಮೊದಲ ಎರಡು ಮೆಟ್ಟಿಲುಗಳು ಯಾವುವೆಂದೂ ಹೇಳುವುದಿಲ್ಲ. ಎರಡೂ ಕಡೆ ಒಂದೇ ಮಾತು: “ನಮ್ ಲಿಮಿಟ್ಸ್ ಅಲ್ಲ ಯಜಮಾನ್ರೇ.” ಮೂರನೆಯದು ತಮ್ಮದು. ಸೆಂಟ್ರಿ, ಸಾಹೇಬರು ರೌಂಡ್ಸಿಗೆ ಹೋಗಿದ್ದಾರೆ ಅಂದರು. ರೈಟರು ಪುಸ್ತಕದಿಂದ ತಲೆಯೆತ್ತದೆ, “ಆ ಹೆಸರಿನೋರು ಯಾರೂ ಅರೆಸ್ಟ್ ಆಗಿಲ್ಲ” ಅಂದರು.

“ಒಳಗೆ ಇದ್ದಾನಾ ಸಾರ್?”

“ಅರೆಸ್ಟ್ ಆಗಿಲ್ಲ ಅಂದ್ನಲ್ಲಮ್ಮಾ.”

ಹೂವಿನಕ್ಕ ಇದ್ದಾನಾ ಎಂದು ಕೇಳಿದಳು, ಅವರು ಆಗಿಲ್ಲ ಎಂದು ಉತ್ತರಿಸಿದರು. ಪರೀಕ್ಷೆಯಲ್ಲಿ ಹುಡುಗರು ಹೀಗೆ ಬರೆದರೆ ಸೊನ್ನೆ ಕೊಡುತ್ತಿದ್ದೆ. ಇಲ್ಲಿ ಕೈಮುಗಿದು ಹೊರಗೆ ಬಂದೆ. ಬಂದು ತಮ್ಮನ್ನು ಓದತೊಡಗಿದೆ. ವಾರಸುದಾರರಿಲ್ಲದ ದ್ವಿಚಕ್ರ ವಾಹನಗಳ ಹರಾಜು, ದಿನಾಂಕ ಯಾವತ್ತೋ ಮುಗಿದದ್ದು. ಅಪರಿಚಿತ ಶವವೊಂದರ ಚಹರೆ ಪಟ್ಟಿ. ಗಣೇಶನ ಪೆಂಡಾಲಿಗೆ ಅನುಮತಿ ಪಡೆಯುವ ಬಗೆ. ಸೈಬರ್ ವಂಚನೆಯಾದರೆ 1930ಕ್ಕೆ ಕರೆ ಮಾಡಿ. ಸತ್ತವನಿಗೂ ಗಣೇಶನಿಗೂ ತಮ್ಮಲ್ಲಿ ಜಾಗವಿದೆ. ಬದುಕಿ ಒಳಗೆ ಕೂತವನಿಗೆ ಮಾತ್ರ ಇಲ್ಲ.

ಅಷ್ಟರಲ್ಲಿ ಹೂವಿನಕ್ಕ ನನ್ನ ತೋಳು ಹಿಡಿದು ಎಳೆದಳು. ಒಳಗಿನ ಬೆಂಚಿನ ಕೆಳಗೆ ಒಂದು ಜೊತೆ ಚಪ್ಪಲಿ. ಎಡಗಾಲಿನದಕ್ಕೆ ನೀಲಿ ದಾರದ ಹೊಲಿಗೆ. “ನಾನೇ ಹಾಕ್ಸಿದ್ದು ಮೇಷ್ಟ್ರೇ, ಹೋದ ಮಂಗಳವಾರ.” ಸರ್ಕಾರಿ ಭಾಷೆಯಲ್ಲಿ ಹೇಳುವುದಾದರೆ, ಬಂಧಿತನ ಬಗ್ಗೆ ಮಾಹಿತಿ ಸಾರ್ವಜನಿಕ ಮೂಲದಿಂದ ಲಭ್ಯವಾಯಿತು.

ಫಲಕದವರೇ, ತಮ್ಮ ಕೆಲಸವನ್ನು ಒಂದು ಹರಕು ಚಪ್ಪಲಿ ಮಾಡಿತು. ಇದರಿಂದ ತಮಗೆ ಅವಮಾನವಾಗದಿದ್ದರೆ ತಮ್ಮ ಹುಟ್ಟು ತಮಗೇ ಮರೆತಿದೆ ಎಂದರ್ಥ. ನೆನಪಿಸುತ್ತೇನೆ.

ತಾವು ಹುಟ್ಟಿದ್ದೇ ಒಂದು ಪತ್ರದಿಂದ. ಪಶ್ಚಿಮ ಬಂಗಾಳದಲ್ಲಿ ಕಾನೂನು ನೆರವು ಸಂಸ್ಥೆಯೊಂದನ್ನು ನಡೆಸುತ್ತಿದ್ದ ಡಿ.ಕೆ. ಬಸು ಎನ್ನುವವರು 1986ರ ಆಗಸ್ಟ್ 26ರಂದು, ಲಾಕಪ್ಪಿನ ಸಾವುಗಳ ಪತ್ರಿಕಾ ವರದಿಗಳನ್ನು ಇಟ್ಟುಕೊಂಡು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಕೋರ್ಟು ಅದನ್ನೇ ರಿಟ್ ಅರ್ಜಿ ಎಂದು ಭಾವಿಸಿತು. ತೀರ್ಪು ಬಂದದ್ದು 1996ರ ಡಿಸೆಂಬರ್ 18ರಂದು. ಒಂದು ಪತ್ರಕ್ಕೆ ಉತ್ತರ ಬರಲು ಹತ್ತು ವರ್ಷ. ನನ್ನ ವಯಸ್ಸು ನೋಡಿಕೊಂಡರೆ ಆತಂಕವಾಗುತ್ತದೆ. ಆ ತೀರ್ಪಿನ ಹನ್ನೊಂದು ಸೂಚನೆಗಳಲ್ಲಿ ಕೊನೆಯದು ತಮ್ಮ ಜಾತಕ: ಪ್ರತಿ ಜಿಲ್ಲೆಯಲ್ಲೂ ರಾಜ್ಯ ಕೇಂದ್ರದಲ್ಲೂ ಪೊಲೀಸ್ ನಿಯಂತ್ರಣ ಕೊಠಡಿ ಇರಬೇಕು, ಬಂಧಿಸಿದ ಹನ್ನೆರಡು ಗಂಟೆಯೊಳಗೆ ಅಲ್ಲಿಗೆ ಸುದ್ದಿ ಮುಟ್ಟಬೇಕು, ಅದನ್ನು ಎದ್ದುಕಾಣುವ ಫಲಕದ ಮೇಲೆ ಹಾಕಬೇಕು. ಆಮೇಲೆ ದಂಡ ಪ್ರಕ್ರಿಯಾ ಸಂಹಿತೆಗೆ 41-ಸಿ ಎಂಬ ಕಲಂ ಸೇರಿ 2010ರ ನವೆಂಬರ್ 1ರಿಂದ ಜಾರಿಗೆ ಬಂತು. ನೋಡಿ, ನಮ್ಮ ರಾಜ್ಯೋತ್ಸವದ ದಿನವೇ.

41-ಸಿ ಏನು ಹೇಳುತ್ತಿತ್ತು ಎಂಬುದನ್ನು ತಾವು ಗಾಜು ಒರೆಸಿಕೊಂಡು ಓದಬೇಕು. ಜಿಲ್ಲಾ ನಿಯಂತ್ರಣ ಕೊಠಡಿಯ ಹೊರಗಿನ ಫಲಕದ ಮೇಲೆ ಎರಡು ಹೆಸರು ಇರಬೇಕಿತ್ತು. ಒಂದು, ಸಿಕ್ಕವನದು, ವಿಳಾಸ ಸಮೇತ. ಇನ್ನೊಂದು, ಹಿಡಿದ ಅಧಿಕಾರಿಯದು, ಹುದ್ದೆ ಸಮೇತ. ಅಲ್ಲದೆ ರಾಜ್ಯ ಮಟ್ಟದಲ್ಲಿ ಜನರ ಮಾಹಿತಿಗಾಗಿಯೇ ಒಂದು ದತ್ತಾಂಶ ಭಂಡಾರ ಇರಬೇಕಿತ್ತು. 2024ರ ಜುಲೈ 1ರಂದು ಆ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಅದರ 37ನೇ ಕಲಂ ತಮಗೆ ಬಡ್ತಿ ಕೊಟ್ಟಿದೆ. ಈಗ ಜಿಲ್ಲಾ ಕೇಂದ್ರದ ಜೊತೆಗೆ ಪ್ರತಿ ಠಾಣೆಯಲ್ಲೂ ಮಾಹಿತಿ ಎದ್ದುಕಾಣಬೇಕು, ಡಿಜಿಟಲ್ ರೂಪದಲ್ಲಾದರೂ ಸರಿ. ಅದನ್ನು ನೋಡಿಕೊಳ್ಳಲು ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಇರಬೇಕು. ಕೇಳಲು ಸೊಗಸಾಗಿದೆ. ಆದರೆ ತೋರಿಸಬೇಕಾದ್ದು ಸಿಕ್ಕವನ ಹೆಸರು, ವಿಳಾಸ ಮತ್ತು ಅಪರಾಧದ ಸ್ವರೂಪ, ಅಷ್ಟೇ. ಹಿಡಿದವರ ಹೆಸರು ದಾರಿಯಲ್ಲಿ ಎಲ್ಲೋ ಬಿದ್ದುಹೋಗಿದೆ. ಜನರಿಗಾಗಿ ಇದ್ದ ಭಂಡಾರದ ಮಾತೂ ಆ ಕಲಮಿನಲ್ಲಿಲ್ಲ.

ನನ್ನ ತಕರಾರೆಲ್ಲ ಇಲ್ಲೇ ಇದೆ. ಠಾಣೆಯವರಿಗೆ ಲೆಕ್ಕ ಕೇಳಲಿಕ್ಕೆಂದು ತಮ್ಮನ್ನು ಗೋಡೆಗೆ ಹೊಡೆದರು. ಈಗ ಮಾನ ಕಳೆದುಕೊಳ್ಳುವವನ ಹೆಸರು ಮಾತ್ರ ತಮ್ಮ ಪಾಲಿಗೆ ಬಂದಿದೆ, ಉತ್ತರ ಕೊಡಬೇಕಾದವರ ಹೆಸರು ಒಳಗೆ ಉಳಿದಿದೆ.

ತಾವು ಬಾಯಿ ಬಿಡದಿದ್ದರೇನು, ಕಂಪ್ಯೂಟರ್ ಇಲ್ಲವೇ ಎಂದು ಕೇಳಬಹುದು. ಪಕ್ಕದ ಮನೆಯ ಹುಡುಗನೂ ಅದನ್ನೇ ಕೇಳಿದ. ಎಫ್‌ಐಆರನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕು, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು, ಎಂದು ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರಿನಲ್ಲಿ ಹೇಳಿದೆ. ನಮ್ಮ ರಾಜ್ಯದ ಪೊಲೀಸರ ತಾಣದಲ್ಲಿ ಆ ಸೌಲಭ್ಯವೂ ಇದೆ. ಜಿಲ್ಲೆ ಹೇಳಿ, ಠಾಣೆ ಹೇಳಿ, ವರ್ಷ ಹೇಳಿ, ಎಫ್‌ಐಆರ್ ಸಂಖ್ಯೆ ಹೇಳಿ. ಸಂಖ್ಯೆ ಗೊತ್ತಿದ್ದರೆ ಎಫ್‌ಐಆರ್ ಸಿಗುತ್ತದೆ, ಎಫ್‌ಐಆರ್ ಸಿಕ್ಕರೆ ಸಂಖ್ಯೆ ಗೊತ್ತಾಗುತ್ತದೆ. ಹುಚ್ಚು ಬಿಡದೆ ಮದುವೆ ಆಗೋಲ್ಲ, ಮದುವೆ ಆಗದೆ ಹುಚ್ಚು ಬಿಡೋಲ್ಲ.

ಇ-ಕೋರ್ಟ್ಸ್ ತಾಣ ಅಷ್ಟು ಕಠಿಣ ಹೃದಯದ್ದಲ್ಲ. ಅಲ್ಲಿ ಹೆಸರು ಹಿಡಿದು ಹುಡುಕಬಹುದು. ಹುಡುಗನ ಹೆಸರು ಈ ನಗರದಲ್ಲಿ ಕಲ್ಲೆಸೆದರೆ ಒಬ್ಬನಿಗೆ ತಾಕುವಂಥದ್ದು. ಅದನ್ನು ಇಂಗ್ಲಿಷಿನಲ್ಲಿ ಐದು ಥರ ಬರೆಯುತ್ತಾರೆ, ಹಿಂದೆ ಮುಂದೆ ಇನಿಷಿಯಲ್ಲು ಬೇರೆ. ಮೇಲೆ ಠಾಣೆಯ ಪದ್ಧತಿಯಂತೆ ಅಡ್ಡಹೆಸರು. ಇಮೇಲ್ ವಿಳಾಸದ ನಡುವೆ ಬಾಲ ಸುತ್ತಿಕೊಂಡು ಕೂರುತ್ತದಲ್ಲ, ಆ ಚಿಹ್ನೆಯನ್ನು ನಾನು ಮೊದಲು ಕಂಡದ್ದು ಎಫ್‌ಐಆರಿನಲ್ಲೇ: ಮಂಜುನಾಥ ಅಟ್ ಮಂಜ ಅಟ್ ಕೋಳಿ ಮಂಜ. ಅದಿರಲಿ, ಕೋರ್ಟಿನ ತಾಣದಲ್ಲಿ ಹೆಸರು ಬರಬೇಕಾದರೆ ಕೇಸು ಕೋರ್ಟಿಗೆ ಹೋಗಿರಬೇಕು. ಬಂಧಿಸಿದವನನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಗಡಿಯಾರ ಶುರುವಾಗುವುದು ಯಾವಾಗ? ಅರೆಸ್ಟ್ ಎಂದು ಬರೆದಾಗ. “ಸುಮ್ನೆ ವಿಚಾರಣೆಗೆ ಕರ್ಕೊಂಡ್ ಬಂದಿದೀವಿ” ಅಂದಾಗ ಗಡಿಯಾರಕ್ಕೆ ಕೀಲಿಯನ್ನೇ ಕೊಟ್ಟಿರುವುದಿಲ್ಲ.

ಟೆಕ್ಸಾಸಿನಲ್ಲಿರುವ ನನ್ನ ಅಕ್ಕನ ಮಗ ಇದನ್ನು ಕೇಳಿ ನಕ್ಕ. “ಮಾವ, ಇಲ್ಲಿ ಜೈಲ್ ಬುಕಿಂಗ್ ಎಲ್ಲ ಆನ್‌ಲೈನ್” ಅಂದ. ಬುಕಿಂಗ್ ಎಂದರೆ ನಮಗೆ ಗ್ಯಾಸ್ ಸಿಲಿಂಡರು, ಸಿನಿಮಾ ಟಿಕೆಟ್ಟು. ಅಲ್ಲಿ ಜೈಲಿಗೂ ಬುಕಿಂಗ್ ಇದೆಯಂತೆ. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯ ಶೆರಿಫ್ ತಾಣದಲ್ಲಿ ಹೆಸರು ಕೊಟ್ಟರೆ ಒಳಗಿದ್ದಾನೋ ಇಲ್ಲವೋ ತಿಳಿಯುತ್ತದೆ. ಚೆನ್ನಾಗಿದೆ ಎನ್ನುವಷ್ಟರಲ್ಲಿ ಅವನೇ ಇನ್ನೊಂದು ಕಥೆ ಹೇಳಿದ. ಠಾಣೆಯಲ್ಲಿ ತೆಗೆದ ಫೋಟೋಗಳನ್ನು ಬಾಚಿಕೊಂಡು ತಮ್ಮ ತಾಣಕ್ಕೆ ಹಾಕಿ, ತೆಗೆಯಬೇಕಾದರೆ ದುಡ್ಡು ಕೊಡಿ ಎನ್ನುವ ವ್ಯಾಪಾರಿಗಳು ಅಲ್ಲಿ ಹುಟ್ಟಿಕೊಂಡರು. ಆ ದುಡ್ಡು ಕೇಳುವುದನ್ನು ತಡೆಯಲು ಜಾರ್ಜಿಯಾದಂಥ ರಾಜ್ಯಗಳು 2013ರ ಹೊತ್ತಿಗೆ ಕಾನೂನನ್ನೇ ಮಾಡಬೇಕಾಯಿತು. ಆ ಭಾಗ್ಯ ನಮಗೆ ಬೇಡ.

ಅಷ್ಟು ದೂರವೇಕೆ, ಕಾಸರಗೋಡಿಗೆ ಹೋಗಿ. ಕೇರಳ ಪೊಲೀಸರ ಜಿಲ್ಲಾ ತಾಣಗಳಲ್ಲಿ ವಾರದ ಬಂಧಿತರ ಪಟ್ಟಿ ಹಾಕಿದ್ದನ್ನು ನಾನೇ ನೋಡಿದ್ದೇನೆ. ಹೆಸರು, ತಂದೆಯ ಹೆಸರು, ವಯಸ್ಸು, ಹಿಡಿದ ಜಾಗ, ಹಿಡಿದ ಹೊತ್ತು, ಅಪರಾಧ ಸಂಖ್ಯೆ, ಬೇಲ್ ಸಿಕ್ಕಿತೋ ಕೋರ್ಟಿಗೆ ಹೋದನೋ ಎಂಬುದು. ಜೊತೆಗೆ ಹಿಡಿದ ಅಧಿಕಾರಿಯದೂ ಒಂದು ಕಾಲಂ. ತಲಪಾಡಿ ಗಡಿ ದಾಟಿದರೆ ಕಾಲಂ ಇರುತ್ತದೆ ಎಂಬುದು ಭೂಗೋಳದ ವಿಸ್ಮಯ. ಮನೆ ನಂಬರಿನ ಸಮೇತ ವಿಳಾಸ ಹಾಕುವುದು ನನಗೆ ಒಪ್ಪಿಗೆಯಿಲ್ಲ, ಆ ಮನೆಯಲ್ಲಿ ಮದುವೆಗೆ ಬಂದ ತಂಗಿ ಇರುತ್ತಾಳೆ. ಆದರೆ ಆ ಕೊನೆಯ ಕಾಲಮಿಗೆ ನನ್ನ ನಮಸ್ಕಾರ.

ನಮ್ಮಲ್ಲಿ ಗುಟ್ಟೇ ಗುಟ್ಟು ಎಂದೇನೂ ಅಲ್ಲ. 2024ರ ಜೂನಿನಲ್ಲಿ ಚಿತ್ರನಟರೊಬ್ಬರು ಪರಪ್ಪನ ಅಗ್ರಹಾರ ಸೇರಿದರಲ್ಲ, ಅವರ ಕೈದಿ ಸಂಖ್ಯೆ 6106 ಎಂಬುದು ಇಡೀ ನಾಡಿಗೆ ಬಾಯಿಪಾಠವಾಯಿತು. ಅಭಿಮಾನಿಗಳು ಹಚ್ಚೆ ಹಾಕಿಸಿಕೊಂಡರು, ಗಾಡಿಗೆ ಬರೆಸಿದರು, ಹಾಲುಗಲ್ಲದ ಕೂಸಿಗೆ ಕೈದಿಯ ಬಟ್ಟೆ ತೊಡಿಸಿ ಆ ಸಂಖ್ಯೆ ಬರೆದು ಫೋಟೋ ತೆಗೆಸಿದರು. ಯಾರೂ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕಾಗಲಿಲ್ಲ. ಗೂಡ್ಸ್ ಆಟೊದವನ ವಿಷಯಕ್ಕೆ ಬಂದಾಗ ಮಾತ್ರ ದಾಖಲೆಗಳಿಗೆ ಎಲ್ಲಿಲ್ಲದ ನಾಚಿಕೆ.

ಇದು ಇಂದಿನ ಕಥೆಯೂ ಅಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ 1ರಂದು, ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸರನ್ನು ಇದೇ ಬೆಂಗಳೂರಿನ ಮನೆಯಿಂದ ಕರೆದುಕೊಂಡು ಹೋದರು. ದಿನಗಟ್ಟಲೆ ಬಂಧನವನ್ನು ತೋರಿಸಲೇ ಇಲ್ಲ. ಒಳಗೆ ಮೂಳೆ ಮುರಿಯುವಂತೆ ಹೊಡೆದರು. ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೇ ಪತ್ರ ಬರೆದರು. ಹೂವಿನಕ್ಕನಿಗೆ ಬರೆಯಲು ಬಾರದು, ಅದಕ್ಕೇ ನಾನು ತಮಗೆ ಬರೆಯುತ್ತಿದ್ದೇನೆ.

ಮಾಹಿತಿ ಹಕ್ಕಿನಡಿ ಕೇಳಬಹುದಿತ್ತಲ್ಲ ಎಂದು ಒಬ್ಬ ವಕೀಲರು ಹೇಳಿದರು. ಜೀವ ಮತ್ತು ಸ್ವಾತಂತ್ರ್ಯದ ಮಾತಾದರೆ 48 ಗಂಟೆಯೊಳಗೆ ಉತ್ತರ ಕೊಡಬೇಕು ಎಂದು 2005ರ ಕಾಯ್ದೆಯಲ್ಲಿದೆ. ಆ 48 ಗಂಟೆ ಎಂದರೆ ಎರಡು ರಾತ್ರಿ. ಲಾಕಪ್ಪಿನಲ್ಲಿ ಎರಡು ರಾತ್ರಿ ಎಷ್ಟು ಉದ್ದ ಎಂಬುದನ್ನು ಬೆಂಚಿನ ಮೇಲೆ ಕೂತು ಬಂದವರು ಹೇಳಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಈ ಪತ್ರ ಮೊದಲ ಪುಟದಲ್ಲೇ ಆ ಗೆರೆ ದಾಟಿದ್ದರಿಂದ ಇದು ಅರ್ಜಿಯಲ್ಲ, ಬಹಿರಂಗ ಪತ್ರ.

ಹುಡುಗ ಮೂರನೆಯ ದಿನ ಬೆಳಿಗ್ಗೆ ಮನೆಗೆ ಬಂದ. ಅದೇ ಹೆಸರಿನ ಇನ್ನೊಬ್ಬನನ್ನು ಹುಡುಕುತ್ತಿದ್ದರಂತೆ. “ಹೋಗೋ, ನೀನಲ್ಲ” ಎಂದು ಕಳಿಸಿದರಂತೆ. ಎಫ್‌ಐಆರ್ ಇಲ್ಲ, ಅರೆಸ್ಟ್ ಮೆಮೊ ಇಲ್ಲ, ಬೇಲ್ ಇಲ್ಲ. ಕೇಸಾಗಲಿಲ್ಲವಲ್ಲ, ದೇವರು ದೊಡ್ಡೋನು ಎಂದು ಹೂವಿನಕ್ಕ ಗಂಗಮ್ಮನ ಗುಡಿಗೆ ಹೋಗಿ ಒಂದು ಮಾರು ಮಲ್ಲಿಗೆ ಕೊಟ್ಟು ಬಂದಳು. ಆ ಎರಡು ರಾತ್ರಿ ಅವನು ಎಲ್ಲಿದ್ದ ಎಂಬುದಕ್ಕೆ ಸರ್ಕಾರದ ಯಾವ ಪುಸ್ತಕದಲ್ಲೂ ಒಂದು ಸಾಲಿಲ್ಲ. ಅವನು ಮೂರು ದಿನ ಈರುಳ್ಳಿ ಸಾಗಿಸಲಿಲ್ಲ ಎಂಬುದು ಮಾತ್ರ ಮಂಡಿಯ ಲೆಕ್ಕದ ಪುಸ್ತಕದಲ್ಲಿ ಸರಿಯಾಗಿ ಬರೆದಿದೆ.

ತಮ್ಮಿಂದ ಹೆಚ್ಚೇನೂ ಕೇಳುವುದಿಲ್ಲ. 37ನೇ ಕಲಂ ಹೇಳುವ ಆ ಅಧಿಕಾರಿ ತಮ್ಮ ಠಾಣೆಯಲ್ಲಿ ಯಾರು ಎಂಬುದನ್ನು ಮೊದಲು ತಮ್ಮ ಮೇಲೆ ಬರೆಸಿಕೊಳ್ಳಿ. ವಿಚಾರಣೆಗೆಂದು ಒಳಗೆ ಕರೆದವನ ಹೆಸರು, ಕರೆದ ಹೊತ್ತು, ಕರೆದವರ ಹೆಸರು, ಇಷ್ಟನ್ನು ಬಾಗಿಲಿಗೆ ಬಂದ ತಾಯಿಗೆ ಹೇಳುವ ಏರ್ಪಾಡು ಮಾಡಿಸಿ. ಟಿವಿಯವರಿಗೆ ಹೇಳುವುದು ಬೇಡ. ಹರಾಜಿನ ಚೀಟಿ ಕಿತ್ತರೆ ಜಾಗವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಮೇಷ್ಟ್ರು.

ಅಡಕ: ಡ್ರಾಯಿಂಗ್ ಪಿನ್ನು, ಒಂದು ಡಬ್ಬಿ. ಬೀಗದ ಕೈ ಹಿಂದಿನ ರೈಟರ ಜೊತೆ ವರ್ಗವಾಗಿ ಹೋಯಿತೆಂದು ಸೆಂಟ್ರಿ ಹೇಳಿದ್ದರಿಂದ, ಯಲಹಂಕ ಸಂತೆಯಲ್ಲಿ ಮಾಡಿಸಿದ ಡುಪ್ಲಿಕೇಟ್ ಕೀಲಿ, ಒಂದು.